ಗೀಚಿದ ಗೆರೆ ಷಟ್ಕೋನವಾದ ಬಗೆ

ಗೀಚಿದ್ದನ್ನು ಕಂಪ್ಯೂಟರಿಗೆ ಹಾಕಿದರೆ ಅದರಲ್ಲಿರುವ ಕೈಗುಣ ಹೋಗುತ್ತದೆ ಎಂದು ಮುಂಬೈ ಮಾಟುಂಗದ ಗೆಳೆಯರು ಹೇಳುತ್ತಲೇ ಇದ್ದರು. ಹೋಗುವುದಿಲ್ಲ. ಕಳೆದ ದೀಪಾವಳಿಯಿಂದ ಈಚೆಗೆ ಇಪ್ಪತ್ತರ ಆಸುಪಾಸು ಮುದ್ರಿತ ಚಿತ್ರಗಳನ್ನು ಮಾರಿದ್ದೇನೆ. ಅವುಗಳಲ್ಲಿ ಒಂದೆರಡು ಹಾಗೆ ಹೇಳಿದವರ ಮನೆಯ ಗೋಡೆಯ ಮೇಲೇ ಇವೆ.

ಶಾಲೆಯ ನೋಟ್‌ಬುಕ್ಕಿನ ಅಂಚಿನಿಂದ ಹಿಡಿದು ಡೊಂಬಿವಲಿ ಲೋಕಲ್ ರೈಲಿನವರೆಗೆ ಗೀಚಿದ್ದು ಚೀಲಗಟ್ಟಲೆ ಇತ್ತು. ಮೊದಲು ಎಲ್ಲರಂತೆ ಸ್ಕ್ಯಾನ್ ಮಾಡಿ, ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ, ಸ್ಕ್ಯಾನನ್ನು ತಾನೇ ಗೆರೆಗಳಾಗಿಸುವ ಟ್ರೇಸ್ ಬಿಟ್‌ಮ್ಯಾಪ್ ಒತ್ತಿದೆ. ಅಂಗೈಯಗಲದ ಚಿತ್ರಕ್ಕೆ ನಾಲ್ಕೈದು ಸಾವಿರ ನೋಡ್‌ಗಳು, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು! ಅವನ್ನು ಕಡಿಮೆ ಮಾಡಲು ಸಿಂಪ್ಲಿಫೈ ಒತ್ತಿದರೆ ಮೂಲೆಗಳೆಲ್ಲ ಸವೆದು ದುಂಡಗಾದವು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಮೂರೂವರೆ ಸಾವಿರದಷ್ಟು ಕೊಟ್ಟು ಹಳೆಯ ಪೆನ್ ಟ್ಯಾಬ್ಲೆಟ್ ತಂದೆ. ಅದರಲ್ಲಿ ಹೊಸದಾಗಿ ಬರೆಯಬಹುದಿತ್ತು, ಹಳೆಯ ಗೆರೆಯ ಬಳುಕು ಮಾತ್ರ ಬರಲಿಲ್ಲ.

ದಾರಿ ತೋರಿದ್ದು ಅಮ್ಮನ ರಂಗೋಲಿ. ನೇರ ಚುಕ್ಕಿಯಿಟ್ಟರೆ ಚೌಕಗಳ ಜಾಲ, ಸಂದು ಚುಕ್ಕಿಯಿಟ್ಟರೆ ತ್ರಿಕೋನಗಳ ಜಾಲ. ನಡುಸಾಲಿನ 15ರಿಂದ ಎರಡೂ ಕಡೆ 8ಕ್ಕೆ ಇಳಿಯುವ ಸಂದು ಚುಕ್ಕಿಯ ಹೊರಗೆರೆ ಷಟ್ಕೋನ. ಇಂಕ್‌ಸ್ಕೇಪ್‌ನಲ್ಲಿ ಓರೆಗೆರೆಗಳ ಆಕ್ಸೊನೊಮೆಟ್ರಿಕ್ ಗ್ರಿಡ್ ತೆರೆದು ಅದೇ ಜಾಲವನ್ನು ಹಾಸಿದೆ. ಷಟ್ಕೋನದ ಹನ್ನೆರಡನೇ ಒಂದು ಪಾಲಿನಷ್ಟು ತ್ರಿಕೋನ ಸಾಕು. ಅದರೊಳಗೆ ಹಳೆಯ ಗೀಚಿನ ಒಂದು ತುಣುಕು. ನೋಡ್‌ಗಳು ಹತ್ತೋ ಹನ್ನೆರಡೋ, ಎಲ್ಲವೂ ಚುಕ್ಕಿಗಳ ಮೇಲೆ. ಗೆರೆಯ ಬಾಗು ತಿದ್ದುವ ಹ್ಯಾಂಡಲ್‌ಗಳನ್ನು ಮಾತ್ರ ಗ್ರಿಡ್‌ಗೆ ಅಂಟಿಸದೆ, ಕೆಳಗಿರುವ ಸ್ಕ್ಯಾನಿನ ಬಾಗಿನ ಮೇಲೆಯೇ ಎಳೆಯುತ್ತೇನೆ. ಕೈಗುಣ ಉಳಿಯುವುದು ಅಲ್ಲಿ. ಆಮೇಲೆ ಒಂದೇ ತುಣುಕನ್ನು ಹಂಚಿನಂತೆ ಹಾಸುವ ಟೈಲ್ಡ್ ಕ್ಲೋನ್ಸ್‌ನಲ್ಲಿ ಪಿ6ಎಂ, ಅಂದರೆ ಪ್ರತಿಬಿಂಬಿಸುತ್ತ ಅರವತ್ತು ಡಿಗ್ರಿಗೊಮ್ಮೆ ಸುತ್ತುವ ಜೋಡಣೆ. ಅಲ್ಲಿರುವ 17 ಸಮಮಿತಿಗಳಲ್ಲಿ ನನಗೆ ಒಗ್ಗಿದ್ದು ಇದೇ. ತ್ರಿಕೋನದ ಅಂಚನ್ನು ಗೆರೆ ಲಂಬವಾಗಿಯೇ ಮುಟ್ಟಬೇಕು. ಓರೆಯಾದರೆ ಪ್ರತಿಬಿಂಬ ಸೇರುವ ಕಡೆಯೆಲ್ಲ ಚೂಪು ಮೂತಿ ಮೂಡುತ್ತದೆ. ಯಾವ ಗೀಚು ಒಗ್ಗುತ್ತದೆ ಎಂಬುದನ್ನು ಚಿತ್ರಿಸುವ ಮೊದಲೇ ಪತ್ತೆ ಹಚ್ಚುವ ಒಂದು ಉಪಾಯವಿದೆ, ಅದು ನನ್ನ ಬಳಿಯೇ ಇರಲಿ.

ಹಣ ತಿಂದದ್ದು ಮುದ್ರಣ. ಮೊದಲ ಕಂತಿನ ಹತ್ತು ಎ3 ಹಾಳೆಗಳಿಗೆ ಎರಡೂವರೆ ಸಾವಿರವಾಯಿತು. ತೆರೆಯ ಮೇಲೆ ಹೊಳೆಯುತ್ತಿದ್ದ ನೀಲಿ ಕಾಗದದಲ್ಲಿ ಮಂಕು ನೇರಳೆ. ತೆರೆಯ ಬೆಳಕಿನ ಬಣ್ಣಗಳಾದ ಆರ್‌ಜಿಬಿಯ ಆ ನೀಲಿ, ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆ ಶಾಯಿಗೆ ಎಟುಕುವುದಿಲ್ಲ. ಈಗ ಬಣ್ಣಗಳ ಪಟ್ಟಿಯನ್ನು ಮೊದಲು ಅಚ್ಚು ಹಾಕಿಸಿ, ಕಾಗದ ನೋಡಿಯೇ ಬಣ್ಣ ಆರಿಸುತ್ತೇನೆ. ಒತ್ತಾಗಿ ಕುಳಿತ ಆಕಾರಗಳ ನಡುವೆ ಕೂದಲೆಳೆಯಂಥ ಬಿಳಿ ಗೆರೆಗಳೂ ಕಾಡಿದವು. ಪ್ರತಿ ಆಕಾರಕ್ಕೂ ಅದರದೇ ಬಣ್ಣದ ಕಾಲು ಮಿಲಿಮೀಟರ್ ಅಂಚು ಕೊಟ್ಟ ಮೇಲೆ ಮಾಯವಾದವು. ಈಗ ಕಾಗದ, ಮುದ್ರಣ, ಚೌಕಟ್ಟು ಸೇರಿ ಒಂದಕ್ಕೆ ಸುಮಾರು ಏಳುನೂರು ಬೀಳುತ್ತದೆ. ಸಾವಿರದೈನೂರಕ್ಕೆ ಕೊಡುತ್ತೇನೆ, ಚೌಕಾಸಿಗೆ ಇಳಿಯುವುದಿಲ್ಲ.

ನಡುವೆ 13 ಬದಿಗಳ 'ಹ್ಯಾಟ್' ಹಂಚಿನ ಹಿಂದೆಯೂ ಬಿದ್ದೆ. 2023ರಲ್ಲಿ ಸುದ್ದಿಯಾದ ಆಕಾರವದು: ಅದೊಂದರಿಂದಲೇ ನೆಲವನ್ನೆಲ್ಲ ತುಂಬಬಹುದು, ವಿನ್ಯಾಸ ಮಾತ್ರ ಎಂದೂ ಮರುಕಳಿಸದು. ಮರುಕಳಿಸದ್ದಕ್ಕೆ ಟೈಲ್ಡ್ ಕ್ಲೋನ್ಸ್ ಉಪಯೋಗವಿಲ್ಲ. ಮಳೆಗಾಲದ ಭಾನುವಾರಗಳೆಲ್ಲ ಹಂಚುಗಳನ್ನು ಒಂದೊಂದಾಗಿ ತಿರುಗಿಸಿ ಕೂರಿಸಿದೆ, ಕೆಲವನ್ನು ಮಗುಚಿಯೂ ಹಾಕಬೇಕಾಯಿತು. ಅದು ಇನ್ನೂ ಮಾರಾಟವಾಗಿಲ್ಲ. ನನಗೆ ಬಲು ಮೆಚ್ಚು.

ಸದ್ಯ ಪ್ರತಿಬಿಂಬವಿಲ್ಲದೆ ಬರೀ ಸುತ್ತುವ ಪಿ6 ಹಿಡಿದಿದ್ದೇನೆ. ಗೀಚುಗಳೆಲ್ಲ ಒಂದೇ ದಿಕ್ಕಿಗೆ ಗಿರಕಿ ಹೊಡೆಯುತ್ತವೆ, ಲಂಬದ ಕಟ್ಟುಪಾಡೂ ಇಲ್ಲ. ಮೊದಲ ನಾಲ್ಕು ಈ ವಾರ ಅಚ್ಚಿಗೆ ಹೋಗಲಿವೆ.