ಸೋಲಾರ್ ನೀರು ಬಿಸಿಯಾಗ್ತಿಲ್ವಾ? ಮೊದಲು ಮಿಕ್ಸರ್ ನೋಡಿ

ಒಳ್ಳೇ ಬಿಸಿಲಿದ್ದೂ ಬಾತ್‌ರೂಮಿನಲ್ಲಿ ಉಗುರುಬೆಚ್ಚಗಿನ ನೀರು ಬಂದರೆ ಟ್ಯೂಬ್ ಬದಲಾಯಿಸಲು ಹೊರಡಬೇಡಿ. ಏರ್ ವೆಂಟ್ (ಟ್ಯಾಂಕಿನ ಮೇಲೆ ಗಾಳಿಯಾಡಲು ತೆರೆದಿರುವ ಪೈಪು) ಇರುವ ಮಾಮೂಲಿ ಟ್ಯೂಬ್ ಸೋಲಾರ್‌ನಲ್ಲಿ ತಪ್ಪು ಎಷ್ಟೋ ಸಲ ಕೆಳಗಡೆ, ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಲ್ಲೇ ಇರುತ್ತದೆ.

ಸಂಜೆ ನಾಲ್ಕರ ಹೊತ್ತಿಗೆ ಕೆಳಗೆ ಬಿಸಿನೀರು ಬಿಟ್ಟು, ಟ್ಯಾಂಕಿನಿಂದ ಹೊರಡುವ ಪೈಪನ್ನು ಬಟ್ಟೆ ಹಿಡಿದು ಮುಟ್ಟಿ ನೋಡಿ. ನೀರು 60 ಡಿಗ್ರಿ ದಾಟಿರಬಹುದು, ಬರಿಗೈ ಬೇಡ. ಮೇಲೆ ಸುಡುತ್ತಿದ್ದು ಕೆಳಗೆ ಬೆಚ್ಚಗಷ್ಟೇ ಇದ್ದರೆ ತಣ್ಣೀರು ದಾರಿಯಲ್ಲಿ ಬೆರೆಯುತ್ತಿದೆ.

ಖಚಿತಪಡಿಸಿಕೊಳ್ಳುವುದು ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ಗೇಟ್ ವಾಲ್ವ್ ಪೂರ್ತಿ ಮುಚ್ಚಿ, ಮಿಕ್ಸರ್ ಅಲ್ಲದ ಬಿಸಿನೀರಿನ ನಲ್ಲಿಯೊಂದನ್ನು ಬಿಡಿ. ಬಿಸಿನೀರು ಹೊರಡುವುದು ಟ್ಯಾಂಕಿನ ಮೇಲ್ಭಾಗದಿಂದ. ಕೆಳಗಿನಿಂದ ತಣ್ಣೀರು ತಳ್ಳದಿದ್ದರೆ ಪೈಪಿನಲ್ಲಿದ್ದಷ್ಟು ಸುರಿದು ನಿಲ್ಲಬೇಕು. (ಓವರ್‌ಹೆಡ್ ಟ್ಯಾಂಕ್ ಖಾಲಿಯಾದಾಗ ಸೋಲಾರ್ ತುಂಬಿದ್ದರೂ ಬಿಸಿನೀರು ಬಾರದಿರುವುದು ಇದಕ್ಕೇ.) ನಿಲ್ಲದೆ ಸುರಿಯುತ್ತಲೇ ಇದ್ದರೆ ಯಾವುದೋ ಮಿಕ್ಸರ್ ತಣ್ಣೀರನ್ನು ಬಿಸಿ ಲೈನಿಗೆ ದಾಟಿಸುತ್ತಿದೆ. ಒಂದೊಂದೇ ಮಿಕ್ಸರಿನ ತಣ್ಣೀರಿನ ಆಂಗಲ್ ಕಾಕ್ (ಗೋಡೆಯಲ್ಲಿರುವ ಸಣ್ಣ ವಾಲ್ವ್) ಮುಚ್ಚುತ್ತಾ ಹೋಗಿ. ಯಾವುದನ್ನು ಮುಚ್ಚಿದಾಗ ನೀರು ನಿಲ್ಲುತ್ತದೋ ಅದೇ ಕಳ್ಳ. ಅದರ ಕಾರ್ಟ್ರಿಜ್ (ಒಳಗೆ ನೀರನ್ನು ಬಿಟ್ಟು ತಡೆಯುವ ಭಾಗ) ಬದಲಾಯಿಸಿ. ಹ್ಯಾಂಡ್ ಶವರಿನ ಬಟನ್ ಮಾತ್ರ ಆಫ್ ಮಾಡಿ ಮಿಕ್ಸರನ್ನು ತೆರೆದೇ ಬಿಟ್ಟರೂ ಇದೇ ಕಥೆ. ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಇದ್ದರಂತೂ ನೀರು ಹಿಂದಕ್ಕೆ ನುಗ್ಗಿ ಏರ್ ವೆಂಟಿನಿಂದ ಟೆರೇಸಿಗೆ ಸುರಿಯುತ್ತದೆ. ಬಿಸಿ ಲೈನಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಹಾಕಿಸುವುದಾದರೆ ಸ್ಪ್ರಿಂಗ್ ಇಲ್ಲದ್ದು ಹಾಕಿಸಿ. ಸ್ಪ್ರಿಂಗ್ ಇದ್ದರೆ ಕಡಿಮೆ ಒತ್ತಡದಲ್ಲಿ ನೀರೇ ಸಣ್ಣಗಾಗುತ್ತದೆ.

ಮೇಲಿನ ಪೈಪೂ ತಣ್ಣಗಿದ್ದರೆ ಮಾತ್ರ ಟ್ಯೂಬಿನ ಕಡೆ ತಿರುಗಿ. ಪ್ರತಿ ಟ್ಯೂಬಿನ ತುದಿಯಲ್ಲಿ ಬೆಳ್ಳಿಯಂಥ ಹೊಳಪಿರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕು ನಿರ್ವಾತ ಹೋಗಿದೆ; ಆ ಟ್ಯೂಬು ಬದಲಾಯಿಸಲೇಬೇಕು. ಹೊಳಪು ಸರಿಯಿದ್ದರೆ ಮೇಲಿನ ಧೂಳು ಒರೆಸಿ, ಮರದ ನೆರಳು ಬೀಳುತ್ತಿದೆಯೇ ನೋಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಟ್ಯೂಬಿನೊಳಗೆ ಸುಣ್ಣದಂಥ ಪುಡಿ ಕೂರುತ್ತದೆ, ಅದನ್ನು ವರ್ಷಕ್ಕೊಮ್ಮೆ ತೆಗೆಸಿ. ಟ್ಯಾಂಕಿಗೆ ಬಾತ್‌ರೂಮ್ ಆಸಿಡ್ ಮಾತ್ರ ಬೇಡ, ಸ್ಟೀಲು ತೂತು ಬೀಳುತ್ತದೆ.

ಟ್ಯೂಬ್ ಕಳಚುವ ಮುನ್ನ ಗೇಟ್ ವಾಲ್ವ್ ಮುಚ್ಚಿ, ಹಿಂದಿನ ಸಂಜೆಯೇ ಡ್ರೈನ್ ವಾಲ್ವಿನಿಂದ ಟ್ಯಾಂಕ್ ಖಾಲಿ ಮಾಡಿ. ಇಲ್ಲದಿದ್ದರೆ ಅಷ್ಟೂ ಬಿಸಿನೀರು ಆ ತೂತಿನಿಂದ ಮೈಮೇಲೆ ಬೀಳುತ್ತದೆ. ಬ್ಯಾಕಪ್ ಹೀಟರಿನ ಸ್ವಿಚ್ ಆಫ್ ಇರಲಿ. ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ, ಹೊಸ ಟ್ಯೂಬನ್ನು ತಿರುಗಿಸುತ್ತಾ ಒಳಕ್ಕೆ ನೂಕಿ. ಸೂರ್ಯ ಮೇಲೇರುವ ಮೊದಲೇ ನೀರು ತುಂಬಿಸಿ. ಹೊತ್ತಾಗಿಬಿಟ್ಟರೆ ಟ್ಯೂಬುಗಳ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ, ಮರುದಿನ ಬೆಳಗಿನವರೆಗೆ ಕಾಯಿರಿ: ಕಾದ ಒಣ ಗಾಜಿಗೆ ತಣ್ಣೀರು ಬಿದ್ದರೆ ಒಡೆಯುತ್ತದೆ.