ಆರು ಗುರುವಾರ, ಒಂದು ಸ್ಟೀಲ್ ಲೋಟ

ಮಾನಸಿಕ ಆಘಾತ ಅನುಭವಿಸಿದವರ ಜತೆ ಕೆಲಸ ಮಾಡೋ ಕೌನ್ಸೆಲರ್‌ಗಳಿಗೆ, ನರ್ಸ್‌ಗಳಿಗೆ ಕೋಲಾರದಲ್ಲಿ ನಾವು ಮೊದಲೆರಡು ಬ್ಯಾಚ್ ತರಬೇತಿ ಕೊಟ್ಟಿದ್ದು ಎಲ್ಲರ ಹಾಗೇ: ಎರಡು ದಿನ, ಹೋಟೆಲ್ ಹಾಲ್, ನೂರರ ಮೇಲೆ ಸ್ಲೈಡ್, ಬ್ಯಾಗು, ಸರ್ಟಿಫಿಕೇಟು. ಬ್ಯಾಚಿಗೆ 60 ಸಾವಿರದ ಹತ್ತಿರ ಹೋಯ್ತು. ತಿಂಗಳು ಬಿಟ್ಟು ಅವರ ಪಕ್ಕ ಕೂತು ನೋಡಿದರೆ ಅದೇ ಹಳೇ ಶುರು: "ಏನಾಯ್ತು? ಎಲ್ಲಾ ಬಿಡಿಸಿ ಹೇಳಿ, ಮನಸ್ಸು ಹಗುರಾಗುತ್ತೆ." ನಡೆದದ್ದನ್ನೆಲ್ಲ ಒಂದೇ ಸಿಟ್ಟಿಂಗ್‌ನಲ್ಲಿ ಕಕ್ಕಿಸೋ ಡಿಬ್ರೀಫಿಂಗ್ ಬೇಡ ಅನ್ನೋದು ಸ್ಲೈಡ್‌ನಲ್ಲೇ ಇತ್ತು. ತಲೆ ಒಪ್ಪಿತ್ತು, ಬಾಯಿ ಒಪ್ಪಿರಲಿಲ್ಲ.

ಮೂರನೇ ಬ್ಯಾಚಿಗೆ ಆರು ಗುರುವಾರ, ಮಧ್ಯಾಹ್ನ 2ರಿಂದ 4.45 ಅಂದಾಗ "ಇದೇನು ಟ್ಯೂಷನ್ನಾ?" ಅಂತ ನಕ್ಕವರಿದ್ದರು. ಮಂಗಳವಾರ ಆಗಲ್ಲ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇರುತ್ತೆ. 4.45ಕ್ಕೆ ಬಿಡಲೇಬೇಕು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಬಸ್ ಹಿಡಿಯಬೇಕು. ಹನ್ನೆರಡು ಜನ ಸಾಕು, ಮೂವರಂತೆ ನಾಲ್ಕು ಗುಂಪು: ಒಬ್ಬರು ಹೇಳೋರು, ಒಬ್ಬರು ಕೇಳೋರು, ಒಬ್ಬರು ನೋಡೋರು.

ನೋಡೋರ ಕೈಲಿ ಒಂದು ಹಿಡಿ ಹುಣಸೆಬೀಜ, ಮುಂದೆ ಸ್ಟೀಲ್ ಲೋಟ. ಕೇಳೋರು "ಯಾಕೆ" ಅಂದರೆ ಟಣ್, ಒಂದು ಬೀಜ. "ಧೈರ್ಯ ತಗೊಳ್ಳಿ", "ಮರೆತುಬಿಡಿ", "ನಿಮಗಿಂತ ಕಷ್ಟದಲ್ಲಿರೋರು ಇದ್ದಾರೆ", ಇವಕ್ಕೂ ಒಂದೊಂದು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟರೆ ಎರಡು. ಎದುರಿಗಿರೋದು 18 ತುಂಬದ ಮಗುವಾಗಿ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ವರದಿ ಮಾಡಲೇಬೇಕಲ್ಲ. ಮೊದಲ ಗುರುವಾರ ಹತ್ತು ನಿಮಿಷಕ್ಕೆ ಹನ್ನೊಂದು, ಹನ್ನೆರಡು ಬೀಜ ಬೀಳುತ್ತಿದ್ದವು. ನಾಲ್ಕನೇ ವಾರಕ್ಕೆ ಎರಡೋ ಮೂರೋ. ಒಂದು ತೊಂದರೆ ಆಯ್ತು: ಸದ್ದಿಗೆ ಹೆದರಿ ಕೆಲವರು ಬಾಯೇ ಬಿಡಲಿಲ್ಲ. ಎರಡನೇ ವಾರದಿಂದ ಲೋಟದ ತಳಕ್ಕೆ ಬಟ್ಟೆ ಹಾಸಿದೆವು, ಲೆಕ್ಕ ಕೊನೆಗೆ ತೋರಿಸಿದರಾಯ್ತು.

ದೊಡ್ಡ ಎಡವಟ್ಟು ಬೇರೆ. "ನಿಮ್ಮದೇ ಒಂದು ಘಟನೆ ಹೇಳಿ" ಅಂತ ಶುರು ಮಾಡಿದ್ದು ತಪ್ಪು. ಒಬ್ಬರು ಅತ್ತರು, ಅವರನ್ನು ನೋಡಿ ಇನ್ನಿಬ್ಬರು, ಆ ಮಧ್ಯಾಹ್ನ ಅಲ್ಲಿಗೇ ಮುಗಿಯಿತು. ಈಗ ಕಾರ್ಡ್ ಕೊಡುತ್ತೇವೆ: ಹೆದ್ದಾರಿ ಅಪಘಾತ, ಸಾಲಕ್ಕೆ ಹೆದರಿ ವಿಷ ಕುಡಿದು ಬದುಕಿದವರು, ಗಂಡನ ಹೊಡೆತ. ಕಾರ್ಡಿನಲ್ಲಿ ಏನು ಬರೆದಿದೆ ಅಂತ ಇಲ್ಲಿ ಹೇಳಲ್ಲ, ಓದಿಕೊಂಡು ಬಂದರೆ ಆಟ ಕೆಡುತ್ತೆ. ಪಾತ್ರ ಮುಗಿದ ಮೇಲೆ ಕುರ್ಚಿ ಬದಲಿಸಿ, ನೀರು ಕುಡಿದು, ತಮ್ಮ ಹೆಸರು, ಊರು ಗಟ್ಟಿಯಾಗಿ ಹೇಳಬೇಕು. ಇದನ್ನು ಬಿಟ್ಟ ದಿನ ಜನ ತಲೆ ಹಿಡಿದುಕೊಂಡೇ ಮನೆಗೆ ಹೋದರು.

ಆಘಾತದ ನಂತರ ಉಳಿಯೋ ತೊಂದರೆ (ಪಿಟಿಎಸ್‌ಡಿ) ಅಳೆಯೋ ಪಟ್ಟಿ ಪಿಸಿಎಲ್-5, ಅದರ ಇಪ್ಪತ್ತು ಪ್ರಶ್ನೆ ಎಲ್ಲರಿಗೂ ಗೊತ್ತು. ಅಂಕ 31-33 ಮುಟ್ಟಿದರೆ ಪಿಟಿಎಸ್‌ಡಿ ಇರಬಹುದು ಅನ್ನೋ ಗಡಿಯೂ ಗೊತ್ತು. ಕೇಳೋ ಕನ್ನಡದಲ್ಲಿ ಎಡವುತ್ತಾರೆ. "ದುಃಸ್ವಪ್ನ" ಅಂದರೆ ಎದುರಿನವರು ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. "ಅದೇ ಕೆಟ್ಟ ಕನಸು ಬರುತ್ತಾ?" "ಈಗಲೇ ಮತ್ತೆ ನಡೀತಿದೆ ಅನ್ನೋ ಹಾಗಾಗುತ್ತಾ?" ಅನ್ನಬೇಕು. ಮನೇಲಿ ತೆಲುಗು ಮಾತಾಡೋರು "ಗುಂಡೆ ದಡ" (ಎದೆ ಡವಡವ) ಅಂದರೆ ಹಾಗೇ ಬರೆದುಕೊಳ್ಳಿ, "ಆತಂಕ" ಅಂತ ತಿದ್ದಬೇಡಿ.

ಗ್ರೌಂಡಿಂಗ್‌ಗೆ, ಅಂದರೆ ಹಳೇ ನೆನಪಲ್ಲಿ ಸಿಕ್ಕಿಕೊಂಡವರ ಗಮನ ಈ ಕ್ಷಣಕ್ಕೆ ತರೋದಕ್ಕೆ, ವಾಸನೆ, ತಣ್ಣಗಿನ ಸ್ಪರ್ಶ ಎರಡೂ ಇರಲಿ ಅಂತ ಕೈಗೆ ನಿಂಬೆಹಣ್ಣು ಕೊಟ್ಟು ನೋಡಿದೆವು. ಮಾಟದ ಭಯ ಇದ್ದವರು ಕೈ ಹಿಂದಕ್ಕೆ ಎಳೆದುಕೊಂಡರು. ಕಲ್ಲುಪ್ಪು ಕೊಟ್ಟರೆ ದೃಷ್ಟಿ ತೆಗೀತಿದ್ದೀರಾ ಅಂತ ನಗು. ಕೊನೆಗೆ ಲೋಟದ ಹುಣಸೆಬೀಜವೇ ಗತಿಯಾಯ್ತು: ನುಣುಪು, ಅಂಚು, ಎಣಿಸಬಹುದು, ಜೇಬಿಗೂ ಹಿಡಿಯುತ್ತೆ. ಕಣ್ಣು ಮುಚ್ಚಿಸಬೇಡಿ, ಪಾದ ನೆಲಕ್ಕೆ ಊರಿರಲಿ. ಕತ್ತು ಹಿಸುಕಿಸಿಕೊಂಡವರಿಗೆ, ನೀರಲ್ಲಿ ಮುಳುಗಿ ಬದುಕಿದವರಿಗೆ "ಉಸಿರು ಗಮನಿಸಿ" ಅಂದರೆ ಗಾಬರಿ ಹೆಚ್ಚಾಗಬಹುದು, ಅವರಿಗೆ ಬೀಜವೇ ಮೊದಲು.

ದುಡ್ಡಿನ ಮಾತು. ಬಸ್ ಚಾರ್ಜು, ಟೀ-ಬನ್ನು, ಜೆರಾಕ್ಸು ಸೇರಿ ಆರು ವಾರಕ್ಕೆ 19 ಸಾವಿರ ದಾಟಲಿಲ್ಲ. ರೂಮು ಪುಕ್ಕಟೆ. ಉಳಿದಿದ್ದನ್ನೆಲ್ಲ ಆಮೇಲಿನ ನಾಲ್ಕು ತಿಂಗಳ ಫೋನ್ ಸೂಪರ್‌ವಿಷನ್‌ಗೆ (ಕಲಿತವರು ತಮ್ಮ ಕೇಸುಗಳ ಬಗ್ಗೆ ನಮ್ಮ ಜತೆ ಮಾತಾಡೋದು) ಸುರಿದೆವು: ಬುಧವಾರ ರಾತ್ರಿ 8.30, ಒಂದು ಕರೆಗೆ ನಾಲ್ಕು ಜನ, 40 ನಿಮಿಷ. ಮೊದಲು ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ತರಿಸುತ್ತಿದ್ದೆವು. ಒಂದರಲ್ಲಿ ರೋಗಿಯ ಊರ ಹೆಸರು ಬಂದುಬಿಟ್ಟಿತು, ಅವತ್ತೇ ನಿಲ್ಲಿಸಿದೆವು. ಈಗ ವಯಸ್ಸು, ತೊಂದರೆ, ತಾವು ಸಿಕ್ಕಿಕೊಂಡ ಒಂದು ಮಾತು, ಇಷ್ಟೇ ಹೇಳೋದು. ಹನ್ನೆರಡರಲ್ಲಿ ಒಂಬತ್ತು ಜನ ಕೊನೇವರೆಗೂ ಕರೆಗೆ ಬಂದರು. ಟ್ಯೂಷನ್ನಾ ಅಂತ ನಕ್ಕವರು ಮುಂದಿನ ಬ್ಯಾಚಿಗೆ ಇಬ್ಬರ ಹೆಸರು ಕಳಿಸಿದ್ದಾರೆ.