ಫೈಲ್ ಕಣ್ಣೆದುರೇ ಉಂಟು, ಬ್ರೌಸರ್ ಮಾತ್ರ ಇಲ್ಲ ಅಂತದೆ!

ಕಳೆದ ವಾರ ಉಡುಪಿ ಕಲ್ಸಂಕದ ಹತ್ರ ನನ್ನ ಗೆಳತಿಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ, ಹೊರಗೆ ಜೋರು ಮಳೆ, ಒಳಗೆ ಅವ್ಳು ಲಿನಕ್ಸ್ ಕಂಪ್ಯೂಟರಿನ ಎದುರು ತಲೆ ಕೆರೀತಾ ಕೂತಿದ್ಲು. ಗಿರಾಕಿಯೊಬ್ರು ಪೆನ್‌ಡ್ರೈವಲ್ಲಿ ಎಚ್‌ಟಿಎಂಎಲ್ ಫೈಲ್ (ವೆಬ್ ಪೇಜಿನ ಫೈಲ್) ತಂದಿದ್ರು, ಪ್ರಿಂಟ್ ಬೇಕು, ಡಬಲ್ ಕ್ಲಿಕ್ ಮಾಡಿದ್ರೆ ಬ್ರೌಸರ್ ಓಪನ್ ಆಗ್ತದೆ, ಫೈಲ್ ಆಗುದಿಲ್ಲ. “ಎಂತ ಮಾರಾಯ್ತಿ ಇದು, ಫೈಲ್ ಇಲ್ಲೇ ಉಂಟಲ್ಲ!” ಎರಡು ಸಲ ರೀಸ್ಟಾರ್ಟ್ ಆಗಿತ್ತು, ಇನ್ನು ಫಾರ್ಮ್ಯಾಟ್ ಮಾಡುದೇ ಅಂತ ಇದ್ಲು.

ಫಾರ್ಮ್ಯಾಟ್ ಎಲ್ಲ ಬೇಡ ಮಾರಾಯ್ರೆ. ಹೆಚ್ಚಿನ ಸಲ ಫೈಲೂ ಸರಿ ಇರ್ತದೆ, ಬ್ರೌಸರೂ ಸರಿ ಇರ್ತದೆ, ಆ ಫೋಲ್ಡರಿಗೆ ಹೋಗ್ಲಿಕ್ಕೆ ಬ್ರೌಸರಿಗೆ ಪರ್ಮಿಷನ್ ಇರುದಿಲ್ಲ, ಅಷ್ಟೆ.

ಮೊದಲು ಒಂದು ಸಣ್ಣ ಪರೀಕ್ಷೆ. ಫೈಲನ್ನು ಕಾಪಿ ಮಾಡಿ ಡೌನ್‌ಲೋಡ್ಸ್ ಫೋಲ್ಡರಿಗೆ ಹಾಕಿ, ಅಲ್ಲಿಂದ ಓಪನ್ ಮಾಡಿ ನೋಡಿ. ಓಪನ್ ಆಯ್ತಾ? ಹಾಗಾದ್ರೆ ತೊಂದರೆ ಜಾಗದ್ದು, ಫೈಲಿನದ್ದಲ್ಲ. ಅರ್ಜೆಂಟಿದ್ದವರು ಪ್ರಿಂಟ್ ತೆಗ್ದು ಇಲ್ಲಿಗೇ ನಿಲ್ಲಿಸ್ಬಹುದು.

ಕಾರಣ ಬೇಕಾದವ್ರಿಗೆ: ಉಬುಂಟು ಅನ್ನುವ ಲಿನಕ್ಸಿನ 2022ರ ಏಪ್ರಿಲಲ್ಲಿ ಬಂದ 22.04 ಆವೃತ್ತಿಯಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಬರುದೇ ಸ್ನ್ಯಾಪ್ ಪ್ಯಾಕೇಜಾಗಿ, ಅಂದ್ರೆ ಉಳಿದದ್ದರಿಂದ ಬೇರ್ಪಡಿಸಿ ಕಟ್ಟಿಟ್ಟ ಆ್ಯಪ್ ಆಗಿ. ಸ್ನ್ಯಾಪ್ ಅಂದ್ರೆ ನಮ್ಮ ಹಳೇ ಮನೆಗೆ ಬಂದ ನೆಂಟರ ಹಾಗೆ, ಚಾವಡಿಯಲ್ಲಿ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ, ಒಳಗಿನ ಕೋಣೆಗೆ ಮಾತ್ರ ಕೇಳದೆ ಹೋಗ್ಲಿಕ್ಕಿಲ್ಲ. ನಿಮ್ಮ ಹೋಮ್ ಫೋಲ್ಡರ್ ಚಾವಡಿ. ಅದ್ರೊಳಗೆ ಚುಕ್ಕಿಯಿಂದ ಶುರುವಾಗುವ ಹಿಡನ್ ಫೋಲ್ಡರುಗಳು ಉಂಟಲ್ಲ, ಅವು ಒಳಕೋಣೆ.

ಎರರ್ ಮೆಸೇಜನ್ನು ಸರಿ ಓದಿ, ಅದ್ರಲ್ಲೇ ಅರ್ಧ ಉತ್ತರ ಇರ್ತದೆ. ‘ಆಕ್ಸೆಸ್ ಟು ದ ಫೈಲ್ ವಾಸ್ ಡಿನೈಡ್’ ಅಂತ ಬಂದ್ರೆ ಬಾಗಿಲಲ್ಲೇ ತಡೆದದ್ದು. ‘ಫೈಲ್ ನಾಟ್ ಫೌಂಡ್’ ಬಂದು, ಅಡ್ರೆಸ್ ಬಾರಲ್ಲಿ ಟಿಎಂಪಿ (ತಾತ್ಕಾಲಿಕ ಫೈಲುಗಳ ಫೋಲ್ಡರ್) ಅಂತ ಕಂಡ್ರೆ ಅದು ಬೇರೆಯೇ ಕಥೆ: ಸ್ನ್ಯಾಪಿಗೆ ಅದರದ್ದೇ ಪ್ರತ್ಯೇಕ ಟಿಎಂಪಿ ಫೋಲ್ಡರ್ ಇರ್ತದೆ, ನೀವು ನೋಡುವ ಟಿಎಂಪಿ ಅದಕ್ಕೆ ಕಾಣುದೇ ಇಲ್ಲ. ಇ-ಮೇಲಲ್ಲಿ ಬಂದ ಅಟ್ಯಾಚ್‌ಮೆಂಟನ್ನು ಸೇವ್ ಮಾಡದೆ ಸೀದಾ ಓಪನ್ ಮಾಡಿದ್ರೆ ಎಷ್ಟೋ ಸಲ ಅದು ಹೋಗಿ ಕೂರುದು ಅಲ್ಲೇ. ಸೇವ್ ಮಾಡಿ ಓಪನ್ ಮಾಡಿ, ಮುಗೀತು.

ಇನ್ನು ಪೆನ್‌ಡ್ರೈವ್. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗ್ದು ‘ಸ್ನ್ಯಾಪ್ ಕನೆಕ್ಷನ್ಸ್ ಫೈರ್‌ಫಾಕ್ಸ್’ ಅಂತ ಕೊಡಿ (ಓದ್ಲಿಕ್ಕೆ ಇಲ್ಲಿ ಕನ್ನಡದಲ್ಲಿ ಬರ್ದದ್ದು, ಟೈಪ್ ಮಾಡುದು ಇಂಗ್ಲಿಷ್ ಸಣ್ಣಕ್ಷರದಲ್ಲೇ). ಬರುವ ಪಟ್ಟಿಯಲ್ಲಿ ‘ರಿಮೂವೆಬಲ್-ಮೀಡಿಯಾ’ ಸಾಲಿನ ‘ಸ್ಲಾಟ್’ ಅನ್ನುವ ಮೂರನೇ ಕಾಲಮ್ಮಲ್ಲಿ ಬರೀ ಒಂದು ಅಡ್ಡಗೆರೆ ಇದ್ರೆ ಪರ್ಮಿಷನ್ ಇಲ್ಲ ಅಂತ ಅರ್ಥ. ಆಗ ‘ಸುಡೋ ಸ್ನ್ಯಾಪ್ ಕನೆಕ್ಟ್ ಫೈರ್‌ಫಾಕ್ಸ್:ರಿಮೂವೆಬಲ್-ಮೀಡಿಯಾ’ ಕೊಟ್ಟು, ಬ್ರೌಸರ್ ಪೂರ್ತಿ ಮುಚ್ಚಿ ತೆಗೀಬೇಕು. ಅಂಗಡಿಯಲ್ಲಿ ಇದೇ ಆಗಿದ್ದದ್ದು, ಪ್ರಿಂಟೂ ಬಂತು.

ಫ್ಲಾಟ್‌ಪ್ಯಾಕ್ (ಸ್ನ್ಯಾಪಿನ ಹಾಗೇ ಇನ್ನೊಂದು ಬಗೆಯ ಪ್ಯಾಕೇಜ್) ಫೈರ್‌ಫಾಕ್ಸ್ ಇನ್ನೂ ಸ್ಟ್ರಿಕ್ಟು, ಡೌನ್‌ಲೋಡ್ಸ್ ಬಿಟ್ರೆ ನಿಮ್ಮ ಬೇರೆ ಫೋಲ್ಡರುಗಳನ್ನು ನೋಡುದಿಲ್ಲ. ಅಲ್ಲಿ ಫ್ಲಾಟ್‌ಸೀಲ್ ಅನ್ನುವ ಆ್ಯಪಲ್ಲಿ ಬೇಕಾದ ಫೋಲ್ಡರ್ ಒಂದನ್ನೇ ಸೇರಿಸಿ, ಇಡೀ ಹೋಮ್ ಬಿಟ್ಟುಕೊಡುದು ನಂಗೇನೂ ಸರಿ ಕಾಣುದಿಲ್ಲ.

ಕಂಟ್ರೋಲ್ ಓ ಒತ್ತಿ ಓಪನ್ ಮಾಡಿದ್ರೆ ಆಗ್ತದಲ್ಲ ಅಂತ ಕೆಲವರು ಹೇಳ್ತಾರೆ. ಆಗ್ತದೆ, ನೀವೇ ಕೈಯಾರೆ ಆರಿಸಿದ್ದಕ್ಕೆ ಆ ಒಂದು ಫೈಲಿಗೆ ಒಪ್ಪಿಗೆ ಸಿಗ್ತದೆ. ಆದ್ರೆ ಪಕ್ಕದ ಫೋಲ್ಡರಿನಲ್ಲಿರುವ ಫೋಟೋ, ಸಿಎಸ್‌ಎಸ್‌ಗೆ (ಪೇಜಿನ ಅಂದಚಂದದ ಫೈಲ್) ಒಪ್ಪಿಗೆ ಇಲ್ಲ, ಹಾಗಾಗಿ ಪೇಜ್ ಬೋಳು ಬೋಳಾಗಿ ಬರ್ತದೆ.

ಡೌನ್‌ಲೋಡ್ಸಿಂದಲೂ ಆಗದಿದ್ರೆ ಫೈಲಿನದ್ದೇ ಪರ್ಮಿಷನ್ ನೋಡಿ, 644 (ಫೈಲಿನ ಯಜಮಾನರಿಗೆ ಓದ್ಲಿಕ್ಕೂ ಬರೀಲಿಕ್ಕೂ, ಉಳಿದವ್ರಿಗೆ ಓದ್ಲಿಕ್ಕೆ ಮಾತ್ರ) ಇದ್ರೆ ಸಾಕು. ಮಗನ ಲಾಗಿನ್ನಿನ ಫೈಲ್ ಅಮ್ಮನ ಲಾಗಿನ್ನಲ್ಲಿ ಬರುದಿಲ್ಲ ಅಂತಾದ್ರೆ ಅದು ಬ್ರೌಸರಿನ ತಪ್ಪೇ ಅಲ್ಲ, ಉಬುಂಟು 21.04ರಿಂದ ಒಬ್ರ ಹೋಮ್ ಇನ್ನೊಬ್ರಿಗೆ ಕಾಣದ ಹಾಗೆ ಮಾಡಿದ್ದಾರೆ. ಅಡ್ರೆಸ್ ಕೈಯಲ್ಲೇ ಹೊಡೆಯುವವ್ರು ‘ಫೈಲ್’ ಆದ್ಮೇಲೆ ಕೋಲನ್, ಮೂರು ಸ್ಲ್ಯಾಶ್ ಹಾಕಿ. ಹೆಸರಲ್ಲಿ ಹ್ಯಾಶ್ ಚಿಹ್ನೆ ಇದ್ರೆ ಬ್ರೌಸರ್ ಅಲ್ಲಿಗೇ ಹೆಸರು ಮುಗೀತು ಅಂದ್ಕೊಳ್ತದೆ, ಫೈಲನ್ನು ರಿನೇಮ್ ಮಾಡುದೇ ಸುಲಭ.

ವೆಬ್ ಡಿಸೈನ್ ಕಲಿಯುವ ಮಕ್ಕಳಿಗೆ ಒಂದು ಮಾತು: ಪೇಜ್ ಬರ್ತದೆ, ಒಳಗಿನ ಜಾವಾಸ್ಕ್ರಿಪ್ಟ್ ಪಕ್ಕದ ಫೈಲ್ ಓದುದಿಲ್ಲ ಅಂತಾದ್ರೆ ಅದು ಬೇಕಂತಲೇ ಹಾಕಿದ ತಡೆ, ಫೈರ್‌ಫಾಕ್ಸಲ್ಲಿ 2019ರ 68ನೇ ಆವೃತ್ತಿಯಿಂದ ಉಂಟು. ಅದೇ ಫೋಲ್ಡರಲ್ಲಿ ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000 --ಬೈಂಡ್ 127.0.0.1’ ಓಡಿಸಿ, ‘ಲೋಕಲ್‌ಹೋಸ್ಟ್:8000’ಕ್ಕೆ ಹೋಗಿ. ಆ ಬೈಂಡ್ ಬಿಡ್ಬೇಡಿ, ಬಿಟ್ರೆ ಹಾಸ್ಟೆಲಿನ ವೈಫೈಯಲ್ಲಿ ಇದ್ದವ್ರೆಲ್ಲ ನಿಮ್ಮ ಫೋಲ್ಡರ್ ನೋಡ್ಬಹುದು.

ಸ್ನ್ಯಾಪೇ ಬೇಡ ಅಂತ ತೆಗೆಯುವವ್ರು ಮೊದಲು ಬುಕ್‌ಮಾರ್ಕ್, ಪಾಸ್‌ವರ್ಡ್ ಬ್ಯಾಕಪ್ ಮಾಡಿ. ಮತ್ತೆ ಉಬುಂಟುವಿನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಅಂತ ಕೊಟ್ರೆ ಪುನಃ ಬರುದು ಅದೇ ಸ್ನ್ಯಾಪು, ಡೆಬ್ (ಉಬುಂಟುವಿನ ಹಳೇ ಬಗೆಯ ಪ್ಯಾಕೇಜ್) ಬೇಕಾದ್ರೆ ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದವ್ರದ್ದೇ ರೆಪೊಸಿಟರಿ (ಪ್ಯಾಕೇಜುಗಳ ಭಂಡಾರ) ಸೇರಿಸ್ಬೇಕು.